ಭರಮಪ್ಪನ ಹೊಲಿಗೆ

ನಾನು ಒಂದು ಡಾಲು. ಶಾಲೆಯ ಪುಸ್ತಕದಲ್ಲಿ ನನಗೆ ಗುರಾಣಿ ಎಂಬ ಹೆಸರಿದೆಯಂತೆ. ಮುದ್ದನಕೊಪ್ಪದಲ್ಲಿ ಹಾಗೆಂದು ಕೂಗಿದರೆ ನಾಯಿಯೂ ತಿರುಗಿ ನೋಡದು. ನಾನು ರಾಜಮಹಾರಾಜರ ಕಾಲದ್ದಲ್ಲ. ಯುದ್ಧ ಕಂಡಿಲ್ಲ. ರಕ್ತ ಕಂಡದ್ದು ಒಂದೇ ಒಂದು ಸಲ, ಅದೂ ನಮ್ಮೂರ ಬಯಲಿನಲ್ಲಿ, ಹಾಡಹಗಲಲ್ಲಿ. ಆ ಒಂದು ಸಲಕ್ಕಾಗಿಯೇ ಇಷ್ಟೆಲ್ಲ ಹೇಳಬೇಕಾಗಿದೆ.

ಊರಿಗೆ ಮೊದಲ ಬಸ್ಸು ಬಂದ ವರ್ಷ ನಾನು ಹುಟ್ಟಿದೆ. ಹುಟ್ಟಿಸಿದವನು ಸಮಗಾರ ಓಣಿಯ ಭರಮಪ್ಪ. ಮುದಿ ಎಮ್ಮೆಯೊಂದರ ಬೆನ್ನಿನ ತೊಗಲನ್ನು ಹದ ಮಾಡಿ, ಉಬ್ಬಿದ ಕಲ್ಲಿನ ಮೇಲೆ ಬಿಗಿದು, ಹದಿನೆಂಟು ದಿನ ನೆರಳಿನಲ್ಲಿ ಒಣಗಿಸಿದ. ಬಿಸಿಲಿಗಿಟ್ಟರೆ ಬೇಗ ಆಗುತ್ತಿತ್ತು. ಆದರೆ ಭರಮಪ್ಪನಿಗೆ ಅವಸರದ ಕೆಲಸ ಎಂದರೆ ಮೈಯುರಿ. ಆಮೇಲೆ ಹೊಟ್ಟೆ ತುಂಬ ಔಡಲೆಣ್ಣೆ ಕುಡಿಸಿ, ಎದೆಗೆ ನಾಲ್ಕು ಹಿತ್ತಾಳೆ ಗುಬ್ಬಿ, ಅಂದರೆ ಉಬ್ಬುತಲೆಯ ಮೊಳೆ, ಬಡಿದ. ಒಳಮೈಗೆ ಎರಡು ಬಾರು ಹಾಕಿದ, ಒಂದು ಮೊಳಕೈಗೆ, ಒಂದು ಮುಷ್ಟಿಗೆ. ದಬ್ಬಣ ಹಿಡಿದು ಜೋಡಿ ಹೊಲಿಗೆ ಹಾಕಿದ ಮೇಲೆ ನನ್ನನ್ನು ತೊಲೆಗೆ ಬಿಗಿದು, ಆ ಬಾರಿಗೆ ತಾನೇ ಜೋತುಬಿದ್ದು ನೋಡಿದ. ಬಾರು ಕಿರ್ ಎನ್ನಲೂ ಇಲ್ಲ.

ಎಂಟು ವರ್ಷದ ಮಗಳು ಫಕೀರವ್ವ ಪಕ್ಕದಲ್ಲಿ ಕೂತು ದಾರಕ್ಕೆ ಮೇಣ ತಿಕ್ಕುತ್ತಿದ್ದಳು. ಪ್ರಶ್ನೆ ಕೇಳುವುದೆಂದರೆ ಆ ಹುಡುಗಿಗೆ ಬೆಲ್ಲ ತಿಂದ ಹಾಗೆ.

"ಇದ್ಯಾಕ ಡುಬ್ಬ ಐತೆಪಾ?"

"ಏಟು ನಿಂತರ ಡಾಲು ಒಡಿತೈತಿ. ಜಾರಿದರ ಉಳಿತೈತಿ. ಅದಕ್ಕ ಡುಬ್ಬ."

"ಜಾರಿದ ಏಟು ಎಲ್ಲಿ ಹೋಕ್ಕೈತಿ?"

ಭರಮಪ್ಪ ನಕ್ಕು, "ಅದನ್ನ ಡಾಲಿಗೇ ಕೇಳು" ಎಂದ. ನನಗೂ ಆಗ ಗೊತ್ತಿರಲಿಲ್ಲ.

ನನ್ನನ್ನು ತಲೆಯ ಮೇಲೆ ಹೊತ್ತು ಅವನು ತಾಲೀಮಿಗೆ ತಂದ. ತಾಲೀಮು ಎಂದರೆ ನಮ್ಮ ಕಡೆಯ ಗರಡಿಮನೆ. ಹೊಸ್ತಿಲ ಹೊರಗೆ ನನ್ನನ್ನು ಇಳಿಸಿ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತ. ಒಳಗಿನವರು ಬಂದು ಎತ್ತಿಕೊಂಡರು. ನನ್ನನ್ನು ಹೊಲಿದ ಕೈಗೆ ಆ ಹೊಸ್ತಿಲು ದಾಟುವ ಹಾಗಿರಲಿಲ್ಲ, ನನಗಿತ್ತು. ನಾನು ಬೀಗುತ್ತ ಒಳಗೆ ಹೋದೆ. ಆಗ ನನಗೆ ಇದ್ದ ಬುದ್ಧಿ ಅಷ್ಟೇ.

ಅಲ್ಲಿನ ಗುರುಗಳು ಅಡಿವೆಪ್ಪ ವಸ್ತಾದರು. ಹುರಿಮೀಸೆ, ಕಟ್ಟುಮಸ್ತು ಮೈ, ಕತ್ತಿವರಸೆಯಲ್ಲಿ ಏಳು ಹಳ್ಳಿಗೆ ಎತ್ತಿದ ಕೈ. "ಏಟು ತಡೀಬ್ಯಾಡ್ರಿ, ಹೊಳ್ಳಿಸ್ರಿ" ಎಂಬುದು ಅವರ ಮೊದಲ ಪಾಠ. ಕತ್ತಿ ಬಂದರೆ ಡಾಲನ್ನು ಎದುರು ಹಿಡಿಯಬಾರದು, ಓರೆ ಹಿಡಿದು ಪಕ್ಕಕ್ಕೆ ಕಳಿಸಬೇಕು. ಮಾತಿನಲ್ಲೂ ಅವರದು ಅದೇ ವರಸೆ. ಯಾರಾದರೂ "ನಿನ್ನೆ ಯಾಕ ಬರಲಿಲ್ಲರಿ?" ಎಂದರೆ "ನೀ ಉಂಡೇನ?" ಎನ್ನುವರು. ಕೇಳಿದವನು ಊಟದ ಸುದ್ದಿ ಹೇಳಿಕೊಂಡು ಮನೆಗೆ ಹೋಗುವನು. ಅವರ ಬಾಯಿಂದ ನೆಟ್ಟಗಿನ ಉತ್ತರ ಪಡೆದವನನ್ನು ನಾನು ಕಾಣೆ.

ಹತ್ತು ವರ್ಷ ಅಲ್ಲಿ ಸುಖವಾಗಿದ್ದೆ. ಕೊನೆಯ ಮೂರು ವರ್ಷ ನನ್ನನ್ನು ಹಿಡಿದವನು ಯಮನೂರಪ್ಪ. ಹತ್ತಿ ಬಿಡಿಸುವ ಜಿನ್ನಿನಲ್ಲಿ ಅಂಡಿಗೆ, ಅಂದರೆ ಹತ್ತಿಯ ದೊಡ್ಡ ಮೂಟೆ, ಹೊರುವ ಹಮಾಲ, ಇಪ್ಪತ್ತೆರಡರ ಪ್ರಾಯ, ತಾಯಿಗೆ ಒಬ್ಬನೇ ಮಗ. ಅವನ ಕೈ ಒಳಗೆ ಸೇರಿದರೆ ಬಾರಿಗೂ ಮುಷ್ಟಿಗೂ ನಡುವೆ ಹುಲ್ಲುಕಡ್ಡಿ ತೂರುತ್ತಿರಲಿಲ್ಲ. ನನಗೆ ಅವನು ಇಷ್ಟವಾಗಿದ್ದ. ಈಗಲೂ ಇಷ್ಟವೇ, ಅದೇ ನನ್ನ ಸಂಕಟ.

ವಸ್ತಾದರ ಹೆಸರು ಮೆರೆಸಿದ ಆಟ ಒಂದಿತ್ತು: ಕಣ್ಣು ಕಟ್ಟಿದ ವರಸೆ. ಯಮನೂರಪ್ಪನ ಕಣ್ಣಿಗೆ ಬಟ್ಟೆ ಕಟ್ಟುವರು. ಎದುರಿಗೆ ವಸ್ತಾದರ ಮಗ ಮಲ್ಲೇಶಿ ಕಬ್ಬಿಣದ ಕತ್ತಿ ಹಿಡಿದು, ಕಲಿತ ಕ್ರಮದಲ್ಲಿ ಏಟು ಹಾಕುತ್ತ ಹೋಗುವನು. ಏಟು ಏಳುತ್ತಿದ್ದಂತೆ ವಸ್ತಾದರು ಅದರ ಹೆಸರು ಕೂಗುವರು. ಎಡಗೆನ್ನೆಗೆ ಬರುವ ಏಟು 'ತಮಾಚಾ', ಬಲಗೆನ್ನೆಗೆ ಬರುವುದು 'ಬಾಹೇರಾ'. ಕೂಗು ಕೇಳಿ ಯಮನೂರಪ್ಪ ನನ್ನನ್ನು ಆ ಕಡೆ ತಿರುವುವನು, ಕತ್ತಿ ನನ್ನ ಎದೆಯ ಮೇಲೆ ಜಾರಿ ಹೋಗುವುದು. ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಇದಕ್ಕೆ ವಸ್ತಾದರು ಯಾವಾಗಲೂ ಯಮನೂರಪ್ಪನ ಬೆನ್ನ ಹಿಂದೆ ನಿಲ್ಲುತ್ತಿದ್ದರು. ಹಾಗೆ ನಿಂತರೆ ಅವರ ಎಡವೇ ಅವನ ಎಡ.

ಆ ವರ್ಷ ದಸರೆಯ ದಶಮಿಯಂದು ಮಧ್ಯಾಹ್ನ ಆಟ ನೋಡಲು ದೊಡ್ಡ ಸಾಹೇಬರೊಬ್ಬರು ಬಂದರು. ಅವರಿಗೆ ಬಯಲಿನಲ್ಲಿ ಚಪ್ಪರ ಹಾಕಿ ಕುರ್ಚಿ ಇಟ್ಟದ್ದು ಯಮನೂರಪ್ಪನ ಹಿಂಭಾಗದಲ್ಲಿ. ಅಲ್ಲಿ ನಿಂತು ಕೂಗಿದರೆ ಸಾಹೇಬರಿಗೆ ಬೆನ್ನು ತೋರಿಸಿದಂತೆ. ದೊಡ್ಡವರಿಗೆ ಬೆನ್ನು ತೋರಿಸುವುದೆಂದರೇನು ಎಂದು ವಸ್ತಾದರು ಆಚೆ ಬದಿಗೆ, ಮಲ್ಲೇಶಿಯ ಹಿಂದೆ, ಸಾಹೇಬರಿಗೆ ಮುಖ ಕೊಟ್ಟು ನಿಂತರು. ಈಗ ಅವರ ಎಡ ಯಮನೂರಪ್ಪನ ಬಲ. ಹನ್ನೆರಡು ಏಟಿನವರೆಗೆ ಲೆಕ್ಕ ತಪ್ಪಲಿಲ್ಲ. ಬಾರಿಸುತ್ತಿದ್ದ ಹಲಗೆಯ ಸಪ್ಪಳ ಏರಿತು, ಸಾಹೇಬರು ಚಪ್ಪಾಳೆ ತಟ್ಟಿದರು, ವಸ್ತಾದರು ಅತ್ತ ಒಮ್ಮೆ ನಕ್ಕರು. ಹದಿಮೂರನೆಯದು ಯಮನೂರಪ್ಪನ ಎಡಗೆನ್ನೆಗೆ ಬರುತ್ತಿತ್ತು. ವಸ್ತಾದರು "ಬಾಹೇರಾ" ಎಂದರು.

ಯಮನೂರಪ್ಪ ಗುರುವಿನ ಮಾತಿನಂತೆ ನನ್ನನ್ನು ಬಲಕ್ಕೆ ತಿರುವಿದ. ಕತ್ತಿ ಬಟ್ಟೆಯ ಮೇಲಿಂದಲೇ ಅವನ ಎಡಗಣ್ಣಿಗೆ ಬಿತ್ತು.

ಜನ ಅವನನ್ನು ಜೀಪಿಗೆ ಹಾಕಿಕೊಂಡು ಹುಬ್ಬಳ್ಳಿ ಆಸ್ಪತ್ರೆಯ ಕಡೆ ಓಡಿದರು. ಬಯಲು ಬರಿದಾಯಿತು. ನಾನು ಮಣ್ಣಿನಲ್ಲಿ ಬಿದ್ದಿದ್ದೆ. ವಸ್ತಾದರು ನನ್ನನ್ನು ಎತ್ತಿಕೊಂಡು ತಾಲೀಮಿನ ಒಳಕೋಣೆಗೆ ಹೋಗಿ ಬಾಗಿಲು ಹಾಕಿದರು. ಬಹಳ ಹೊತ್ತು ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನನಗೆ ಪಾಪ ಅನಿಸಿತು. ಕೂಗು ಸರಿ ಇತ್ತೆಂದರೆ ಮಗನ ಕೈ ತಪ್ಪಿದಂತೆ. ಮಗನ ಕೈ ಸರಿ ಇತ್ತೆಂದರೆ ತಮ್ಮ ಕೂಗು ತಪ್ಪಿದಂತೆ. ಎರಡೂ ಅಲ್ಲದ ಮೂರನೆಯದೊಂದು ಬೇಕಾಗಿತ್ತು. ಆಯುಧಪೂಜೆಗೆ ಕುಂಬಳಕಾಯಿ ಹೋಳು ಮಾಡಿದ್ದ ಚಾಕು ಅಲ್ಲೇ ಇತ್ತು. ಅದನ್ನು ತೆಗೆದುಕೊಂಡು ನನ್ನ ಮುಷ್ಟಿಯ ಬಾರನ್ನು ಕೊಯ್ದರು.

ಇಲ್ಲಿಂದ ಮುಂದೆ ನಾನು ಆ ಮನುಷ್ಯನನ್ನು 'ಅವರು' ಎನ್ನಲಾರೆ.

ಮೂರು ದಿನದ ಮೇಲೆ ತಾಲೀಮಿನ ಮುಂದಿನ ಕಟ್ಟೆಯಲ್ಲಿ ಹಿರಿಯರು ಕೂಡಿದರು. ವಸ್ತಾದ ನನ್ನನ್ನು ಎಲ್ಲರಿಗೂ ತೋರಿಸಿ, "ಬಾರು ಹರೀತು. ಡಾಲು ಕೈಯಾಗ ನಿಲ್ಲಲಿಲ್ಲ" ಎಂದ. ಭರಮಪ್ಪ ಕಟ್ಟೆಯ ಕೆಳಗೆ ಕೈಕಟ್ಟಿ ನಿಂತಿದ್ದ. ಹದಿನೆಂಟು ವರ್ಷದ ಫಕೀರವ್ವ ಮುಂದೆ ಬಂದು, ಯಾರ ಅಪ್ಪಣೆಯನ್ನೂ ಕೇಳದೆ ನನ್ನನ್ನು ಎತ್ತಿ ಬಾರಿನ ತುದಿ ನೋಡಿದಳು.

"ಇದು ಹರದಿಲ್ಲರಿ, ಕೊಯ್ದೈತಿ. ಹರದ ತೊಗಲಿನ ತುದಿ ಎಳಿಎಳಿ ಆಗಿರತೈತಿ. ಇದು ನೋಡ್ರಿ, ಬೆಣ್ಣಿ ಕೊಯ್ದಂಗ ಐತಿ."

"ತಂಗೀ, ನಿಮ್ಮಪ್ಪಂದು ನಂದು ಮೂವತ್ತು ವರ್ಷದ ಗೆಳೆತನ" ಎಂದ ವಸ್ತಾದ. "ನೀ ಹುಟ್ಟಿದಾಗ ತೊಟ್ಟಲಿನ ಬಟ್ಟಿ ಕಳಿಸಿದಾವ ನಾನು."

ಹಿರಿಯರು ಹೌದು ಹೌದೆಂದರು. ಕತ್ತಿ ಒಂದು ಕಡೆಗೆ ಜಾರಿ ಹೋದ ಸಪ್ಪಳ ನನಗೆ ಕೇಳಿಸಿತು.

"ನಾ ಬಟ್ಟಿ ಕೇಳಲಿಲ್ಲರಿ, ಬಾರು ಕೇಳಿದೆ."

"ಅಲ್ಲೆ ಒಬ್ಬಾಕಿ ತಾಯಿ ಮಗನ ಕಣ್ಣ ಹೋತಂತ ಎದಿ ಎದಿ ಬಡ್ಕೊಳ್ಳಾಕತ್ತಾಳ. ಇಂಥಾ ಹೊತ್ತಿನಾಗ ನಿನಗ ಬಾರಿನ ಚಿಂತಿ ಆತೇನು?"

ಎರಡನೆಯದೂ ಜಾರಿತು. ಹಿರಿಯರೊಬ್ಬರು 'ಹೆಣ್ಣುಡುಗಿ ಭಾಳ ಮಾತಾಡ್ತಾಳ' ಎಂದು ಮುಖ ತಿರುವಿದರು. ಫಕೀರವ್ವ ಮಾತ್ರ ಬಿಡಲಿಲ್ಲ.

"ಅದೂ ಇರ್ಲಿ. ಆವತ್ತ ನೀವು ಏನಂತ ಕೂಗಿದ್ರಿ? ತಮಾಚಾ ಅಂದ್ರೋ, ಬಾಹೇರಾ ಅಂದ್ರೋ? ಅದೊಂದ ಹೇಳ್ರಿ."

ಇದು ನೇರ ಎದೆಗೆ ಬಂದ ಏಟು, ಹೊಳ್ಳಿಸುವುದಕ್ಕೆ ಜಾಗವಿಲ್ಲ ಎಂದುಕೊಂಡೆ. ವಸ್ತಾದ ಎದ್ದು ನಿಂತ. ದಸರೆಯಿಂದ ತಾಟಿನಲ್ಲಿ ಉಳಿದಿದ್ದ ಬನ್ನಿ ಎಲೆಗಳನ್ನು ಬೊಗಸೆ ತುಂಬ ತೆಗೆದುಕೊಂಡು, ಕಟ್ಟೆ ಇಳಿದು ಬಂದು, ಭರಮಪ್ಪನ ಕೈಯೊಳಗೆ ಹಾಕಿದ.

"ಬನ್ನಿ ತಗೊಂಡು ಬಂಗಾರದಂಗ ಇರೂಣು, ಭರಮಪ್ಪ. ಆದದ್ದು ಆಗಿಹೋತು. ನನಗೇನೂ ನಿನ್ನ ಮ್ಯಾಲ ಸಿಟ್ಟಿಲ್ಲ."

ನಮ್ಮ ಕಡೆ ದಸರೆಗೆ ಬನ್ನಿ ಕೊಟ್ಟು ತೆಗೆದುಕೊಂಡರೆ ಹಳೆಯ ಜಗಳ ಅಲ್ಲಿಗೆ ಮುಗಿಯಿತು. ಮತ್ತೆ ಅದನ್ನು ಎತ್ತಿದವನೇ ಕೆಟ್ಟವನು. ದೊಡ್ಡವರು ಕೊಟ್ಟ ಬನ್ನಿಯನ್ನು ಬೇಡ ಎನ್ನುವ ಹಾಗೂ ಇಲ್ಲ. ಭರಮಪ್ಪ ಬಾಗಿ ಬನ್ನಿಯನ್ನು ಕಣ್ಣಿಗೊತ್ತಿಕೊಂಡ. ತಪ್ಪು ಮಾಡಿದವನು ಕ್ಷಮಿಸಿದವನಾದ, ಮಾಡದವನು ಕ್ಷಮೆ ಪಡೆದವನಾದ. ಅಂಥ ಕೈಚಳಕವನ್ನು ನಾನು ಯಾವ ಕತ್ತಿಯಾಟದಲ್ಲೂ ಕಂಡಿಲ್ಲ. ವಸ್ತಾದ ಇನ್ನೊಂದು ಹಿಡಿ ಬನ್ನಿಯನ್ನು ಫಕೀರವ್ವನ ಮುಂದೆ ಹಿಡಿದ. ಅವಳು ಕೈ ಹಿಂದೆ ಕಟ್ಟಿಕೊಂಡು ನಡೆದುಬಿಟ್ಟಳು.

ಭರಮಪ್ಪನ ಬದುಕು ಅಲ್ಲಿಂದ ಇಳಿಯಿತು. ಮೊದಮೊದಲು ಜನ ಎತ್ತಿನ ಪಟ್ಟಿ ಮಾಡಿಸಲು ಬೇರೆ ಊರಿಗೆ ಹೋದರು. ಆಮೇಲೆ ಚಪ್ಪಲಿಗೂ ಹೋದರು. ಅದಕ್ಕಿಂತ ಕೆಟ್ಟದ್ದು ಒಂದು ಮಾತು ಹುಟ್ಟಿಕೊಂಡದ್ದು. ನಂಬಲಾಗದ ವಸ್ತುವಿಗೆ, ನಿಲ್ಲದ ಮಾತಿಗೆ, ಮುರಿದುಬಿದ್ದ ಬೀಗತನಕ್ಕೆ ಊರಿನವರು 'ಭರಮಪ್ಪನ ಹೊಲಿಗಿ' ಎನ್ನತೊಡಗಿದರು. "ಅವನ ವಾಯಿದೆ ಬಿಡ್ರಿ, ಭರಮಪ್ಪನ ಹೊಲಿಗಿ." ತಾಲೀಮಿನ ಗೋಡೆಗೆ ತೂಗುಬಿದ್ದಿದ್ದ ನನ್ನ ಕೆಳಗೇ ಕೂತು ಹೀಗೆ ಮಾತಾಡಿಕೊಂಡು ನಗುತ್ತಿದ್ದರು. ನನ್ನ ಉಳಿದ ಬಾರು, ಅದೇ ಕೈ ಹೊಲಿದದ್ದು, ಗಟ್ಟಿಯಾಗಿಯೇ ಇತ್ತು. ಯಾರೂ ತಲೆ ಎತ್ತಿ ನೋಡಲಿಲ್ಲ.

ಯಮನೂರಪ್ಪ ಎರಡು ತಿಂಗಳ ಮೇಲೆ ಒಕ್ಕಣ್ಣನಾಗಿ ಬಂದ. ತಾಲೀಮಿನ ಬಾಗಿಲಲ್ಲೇ ಫಕೀರವ್ವ ಅವನನ್ನು ತಡೆದು ನಿಲ್ಲಿಸಿದ್ದನ್ನು ಗೋಡೆಯ ಮೇಲಿಂದ ನೋಡಿದೆ.

"ಯಮನೂರಣ್ಣ, ನಿನಗ ಗೊತ್ತೈತಿ. ಗುರುಗಳು ಏನಂತ ಕೂಗಿದ್ರು?"

"ಹಲಗಿ ಸಪ್ಪಳದಾಗ ಕೇಳಿಸಲಿಲ್ಲವಾ."

"ಕೇಳಿಸದ ಯಾ ಕಡಿ ಡಾಲು ತಿರುವಿದಿ ಮತ್ತ?"

"ನೆನಪಿಲ್ಲ ತಂಗಿ. ಕಣ್ಣಿಗೆ ಕತ್ತಲಿ ಬಂದಿತ್ತು."

ಕಣ್ಣು ಕಳೆದುಕೊಂಡವನ ಬಾಯಲ್ಲಿ ಈ ಮಾತು ಬಂದರೆ ಯಾರು ತಾನೇ ಇನ್ನೊಂದು ಕೇಳುತ್ತಾರೆ? ಅವಳು ಹೊರಟುಹೋದಳು. ಕಲಿಸಿದ ವಿದ್ಯೆಯನ್ನು ಶಿಷ್ಯ ಚೆನ್ನಾಗಿಯೇ ಕಲಿತಿದ್ದ. ನನಗೆ ಮೈಯೆಲ್ಲ ಉರಿಯಿತು. ಆದರೆ ಅವನ ಕಷ್ಟವೂ ನನಗೆ ಗೊತ್ತಿತ್ತು: ಅಂಡಿಗೆ ಹೊರಲಾಗದವನಿಗೆ ವಸ್ತಾದ ಜಿನ್ನಿನವರ ಹತ್ತಿರ ಮಾತಾಡಿ ಕಾವಲು ಕೆಲಸ ಕೊಡಿಸಿದ್ದ, ತಾನೇ ಮುಂದೆ ನಿಂತು ಮದುವೆ ಮಾಡಿಸುವ ಮಾತು ಕೊಟ್ಟಿದ್ದ. ಗುರು, ಮೇಲೆ ಅನ್ನದಾತ. ಅವನ ಬಾಯಿಗೆ ಎರಡು ಬೀಗ.

ಆರು ವರ್ಷಕ್ಕೆ ಭರಮಪ್ಪ ತೀರಿಕೊಂಡ. ಫಕೀರವ್ವ ಮದುವೆಯಾಗಿದ್ದರೂ ಅಪ್ಪನ ಮನೆಯಲ್ಲೇ ಉಳಿದಳು, ಅವನ ಕಸುಬು ಬಿಡಲಿಲ್ಲ. ಆದರೆ ಮಾಡಿದ್ದನ್ನು ಮಾರಲು ಮೂರು ಬಸ್ಸು ಬದಲಿಸಿ ದೂರದ ಸಂತೆಗಳಿಗೆ ಹೋಗುವಳು. ಅಲ್ಲಿ ಯಾರ ಮಗಳವ್ವಾ ಎಂದು ಕೇಳಿದರೆ ಗಂಡನ ಊರಿನ ಹೆಸರು ಹೇಳುವಳಂತೆ.

ಆಮೇಲೆ ಇಪ್ಪತ್ತು ವರ್ಷ ಕಳೆಯಿತು. ವಸ್ತಾದ ಹಾಸಿಗೆ ಹಿಡಿದ. ಒಂದು ದಿನ ಯಮನೂರಪ್ಪನನ್ನು ಕರೆಸಿ, "ಗ್ವಾಡಿಮ್ಯಾಲಿನ ಡಾಲು ನೀ ಒಯ್ಯಿ" ಎಂದ. ಮಗ ಮಲ್ಲೇಶಿ ನನ್ನನ್ನು ಇಳಿಸಿ ತಂದುಕೊಟ್ಟ. ಯಮನೂರಪ್ಪ ನನ್ನನ್ನು ಮಡಿಲಲ್ಲಿ ಇಟ್ಟುಕೊಂಡು, ಕೊಯ್ದ ಬಾರನ್ನು ಹೆಬ್ಬೆರಳಿನಿಂದ ಸವರುತ್ತ, "ಗುರುಗಳ, ಆವತ್ತ..." ಎಂದು ಬಾಯಿ ತೆರೆದ.

"ಚಾ ಕುಡದೇನ?" ಎಂದ ವಸ್ತಾದ.

ಅದೇ ಅವನ ಕೊನೆಯ ವರಸೆ. ನಾಲ್ಕು ದಿನಕ್ಕೆ ಸತ್ತ.

ತಾಲೀಮಿಗೆ ಮಲ್ಲೇಶಿಯೇ ವಸ್ತಾದನಾದ. ಮುಂದಿನ ದಶಮಿಗೆ ಅಪ್ಪನ ದೊಡ್ಡ ಭಾವಚಿತ್ರ ಅನಾವರಣ ಮಾಡುವುದು, ಗುರುಗಳ ಬಗ್ಗೆ ಯಮನೂರಪ್ಪ ಎರಡು ಮಾತಾಡುವುದು ಎಂದಾಯಿತು. ಅಂದಿನಿಂದ ಯಮನೂರಪ್ಪನಿಗೆ ಅನ್ನ ಸೇರಲಿಲ್ಲ. ಹೊಗಳಬೇಕಾದ ಮಾತುಗಳನ್ನು ನನ್ನೆದುರು ಕೂತು ಒಪ್ಪಿಸುವನು, ಅರ್ಧಕ್ಕೆ ನಿಲ್ಲಿಸುವನು. ದಶಮಿಗೆ ಎರಡು ದಿನ ಇರುವಾಗ ನನ್ನನ್ನು ಕಂಕುಳಲ್ಲಿ ಇರುಕಿಕೊಂಡು ಸಮಗಾರ ಓಣಿಗೆ ನಡೆದ. ಫಕೀರವ್ವ ಅಂಗಳದಲ್ಲಿ ತೊಗಲು ಕೊಯ್ಯುತ್ತಿದ್ದಳು. ಕೂದಲು ನೆರೆತಿತ್ತು. ನನ್ನನ್ನು ನೋಡಿದಳು, ಮುಟ್ಟಲಿಲ್ಲ.

"ತಂಗೀ, ಆವತ್ತ ಏಟು ತಮಾಚಾ ಇತ್ತು. ಗುರುಗಳು ಬಾಹೇರಾ ಅಂದ್ರು. ನನಗ ಸ್ವಚ್ಛ ಕೇಳಿಸಿತ್ತು. ನಿಮ್ಮಪ್ಪನ ಬಾರು ನನ್ನ ಕೈಯಾಗ ಗಟ್ಟಿ ಇತ್ತು. ನನ್ನ ತಪ್ಪ ಹೊಟ್ಟಿಗೆ ಹಾಕ್ಕೋ."

ಅವಳು ಕೈಯ ಕೆಲಸ ನಿಲ್ಲಿಸದೆ ಹೇಳಿದಳು: "ಇದನ್ನ ನನಗ ಯಾಕ ಹೇಳ್ತೀ? ನನಗ ಮೊದಲಿಂದ ಗೊತ್ತೈತಿ. ಬಜಾರದಾಗ ಕಳದ ಮಾನ ಕೋಣಿಯಾಗ ಸಿಗೂದಿಲ್ಲ, ಅಣ್ಣ."

ಅವನು ತಲೆ ತಗ್ಗಿಸಿಕೊಂಡು ಎದ್ದುಬಂದ.

ದಶಮಿಯ ದಿನ ಬಯಲಲ್ಲಿ ಊರೇ ಸೇರಿತ್ತು. ಯಮನೂರಪ್ಪ ನನ್ನನ್ನು ಎಡಗೈಗೆ ಏರಿಸಿಕೊಂಡು ವೇದಿಕೆ ಹತ್ತಿದ. ಜನರಿಗೆ ಅದು ಶೋಭೆಯಾಗಿ ಕಂಡಿರಬೇಕು, ಚಪ್ಪಾಳೆ ಬಿತ್ತು. ಮೈಕಿನ ಮುಂದೆ ನಿಂತು ಅವನು ಮೊದಲು ನನ್ನನ್ನು ಕೈಯಿಂದ ತೆಗೆದು ಕೆಳಗಿಟ್ಟ. ಆಮೇಲೆ ಅಂಗಳದಲ್ಲಿ ಹೇಳಿದ ಮಾತನ್ನೇ ಹೇಳಿದ. "ಭರಮಪ್ಪನ ಹೊಲಿಗಿ ಹರಿದಿದ್ದಿಲ್ಲ..." ಎನ್ನುವಷ್ಟರಲ್ಲಿ ಮೈಕು ಸತ್ತಿತು. ಮಲ್ಲೇಶಿ ವೈರು ಕಿತ್ತಿದ್ದ.

ನಂತರ ಬಿದ್ದ ಏಟುಗಳನ್ನು ನಾನು ನೆಲದ ಮೇಲೆ ಅಂಗಾತ ಬಿದ್ದುಕೊಂಡು ಎಣಿಸಿದೆ.

"ನಮ್ಮಪ್ಪನ ಅನ್ನ ಉಂಡ ಬಾಯೋ ಇದು?" ಎಂದ ಮಲ್ಲೇಶಿ.

"ಹೌದು, ಉಂಡೀನಿ."

"ಸತ್ತಾವ್ರ ಮ್ಯಾಲ ಹೇಳಾಕ ನಾಚಿಕಿ ಬರೂದಿಲ್ಲೇನು?"

"ಬರತೈತಿ. ಇದ್ದಾಗ ಹೇಳಬೇಕಾಗಿತ್ತು."

"ಇಷ್ಟ ವರ್ಷ ಎಲ್ಲಿಗೆ ಹೋಗಿತ್ತೋ ನಿನ್ನ ಖರೇ?" ಎಂದು ಸಭೆಯಿಂದ ಯಾರೋ ಕೂಗಿದರು.

"ನನ್ನ ಬಾಯಾಗ ಇತ್ತು. ನಾನ ಹೇಳಲಿಲ್ಲ."

ಹೊಳ್ಳಿಸಲು ಅವನಲ್ಲಿ ಬೇಕಾದಷ್ಟು ಇತ್ತು. ಆವತ್ತು ಕತ್ತಿ ಇದ್ದದ್ದು ಮಲ್ಲೇಶಿಯ ಕೈಯಲ್ಲಿ. ಅಪ್ಪ ಕೂಗಿದ್ದು ಅವನ ಕಿವಿಯ ಹಿಂದೆಯೇ. ಅವನೂ ಕೇಳಿಸಿಕೊಂಡಿದ್ದ, ಅವನೂ ಸುಮ್ಮನಿದ್ದ. 'ನಿನಗೂ ಗೊತ್ತಿತ್ತಲ್ಲೋ ಮಲ್ಲೇಶಿ' ಎಂಬ ಒಂದು ಮಾತು ಸಾಕಿತ್ತು, ಅರ್ಧ ಏಟು ಅತ್ತ ಜಾರುತ್ತಿತ್ತು. ಹೇಳೋ, ಹೇಳೋ ಎಂದು ನಾನು ಒಳಗೊಳಗೇ ಒದ್ದಾಡಿದೆ. ಎಷ್ಟೆಂದರೂ ಡಾಲಿನ ಜಾತಿ. ಯಮನೂರಪ್ಪ ಒಂದನ್ನೂ ತಪ್ಪಿಸಿಕೊಳ್ಳಲಿಲ್ಲ. ಎದೆ ಕೊಟ್ಟು ನಿಂತ. ಎಂಟು ವರ್ಷದ ಹುಡುಗಿ ಕೇಳಿದ್ದಕ್ಕೆ ನನಗೆ ಉತ್ತರ ಹೊಳೆದದ್ದು ಆಗ: ಜಾರಿದ ಏಟು ಸಾಯುವುದಿಲ್ಲ, ಪಕ್ಕದಲ್ಲಿ ಯಾರಿದ್ದಾರೋ ಅವರಿಗೆ ಬೀಳುತ್ತದೆ. ಅದನ್ನು ನಿಲ್ಲಿಸಬೇಕಾದರೆ ಯಾರಾದರೊಬ್ಬರು ತಿನ್ನಲೇಬೇಕು.

ಗದ್ದಲ ಸ್ವಲ್ಪ ತಗ್ಗಿದಾಗ, ಹಗ್ಗದಾಚೆ ನಿಂತಿದ್ದ ಹೆಂಗಸರ ನಡುವಿನಿಂದ ಫಕೀರವ್ವನ ದನಿ ಬಂತು.

"ಹಿಂದ ನಿಂತಾವ್ರಿಗೆ ಕೇಳಿಸಿಲ್ಲ. ಇನ್ನೊಮ್ಮೆ ಹೇಳು."

ಯಮನೂರಪ್ಪ ಮೈಕಿಲ್ಲದೆ, ಗಂಟಲು ಹರಿಯುವಂತೆ, ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಹೇಳಿದ.

ಅವತ್ತೇ ಅವನನ್ನು ತಾಲೀಮಿನಿಂದ ಹೊರಗೆ ಹಾಕಿದರು. ಅವನ ಜೊತೆ ನಾನೂ ಹೊರಬಿದ್ದೆ. ಅದಾಗಿ ಹದಿನಾಲ್ಕು ವರ್ಷವಾಯಿತು, ಈಗ ಅವನ ಮನೆಯ ಮೂಲೆಯಲ್ಲಿ ಜೋಳದ ಹರವಿಗೆ ಮುಚ್ಚಳವಾಗಿದ್ದೇನೆ. ಗುಬ್ಬಿಗಳು ಉದುರಿವೆ, ಮೈ ಸೀಳಿದೆ, ಇಲಿಗೆ ನನ್ನ ಅಂಜಿಕೆ ಇಲ್ಲ. ಫಕೀರವ್ವ ಈ ಮನೆಗೆ ಬರುವುದಿಲ್ಲ. ದಾರಿಯಲ್ಲಿ ಎದುರಾದರೆ ತಲೆಯಾಡಿಸುತ್ತಾಳಂತೆ, ಅಷ್ಟೇ. ಸಂತೆಯಲ್ಲಿ ಯಾರ ಮಗಳು ಎಂದರೆ ಮಾತ್ರ ಈಗ ಭರಮಪ್ಪನ ಹೆಸರು ಹೇಳುತ್ತಾಳೆ ಎಂದು ಯಮನೂರಪ್ಪ ಹೆಂಡತಿಗೆ ಹೇಳುವಾಗ ಕೇಳಿದೆ. ಅದನ್ನು ಕೇಳಿ ನನಗೆ ಅಳು ಬಂತು, ಅಳಲು ನೀರಿಲ್ಲದ ತೊಗಲು ನನ್ನದು.

ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಊರ ಬಾಯಿಗೆ ಬಿದ್ದ ಮಾತಿಗೆ ಸಾವು ಸುಲಭವಲ್ಲ. ಸತ್ಯ ತಿಳಿದವರೂ ಬಾಯಿ ರೂಢಿಗೆ ಅದನ್ನೇ ಆಡುತ್ತಾರೆ, ತಿಳಿಯದವರು ಅವರಿಂದ ಕಲಿಯುತ್ತಾರೆ. ನಿನ್ನೆ ಬೆಳಿಗ್ಗೆ ಯಮನೂರಪ್ಪ ರೊಟ್ಟಿ ತಿನ್ನುತ್ತಿದ್ದ. ಅರವತ್ತು ದಾಟಿದೆ, ಉಳಿದ ಒಂದು ಕಣ್ಣೂ ಮಂಜು. ಹೊರ ಬೀದಿಯಲ್ಲಿ ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಗಳೊಬ್ಬಳು ನೆರೆಯವಳಿಗೆ ಹೇಳುತ್ತಿದ್ದಳು: "ಆ ನಳದ ನೀರಿನ ಭರೋಸೆ ಹಿಡೀಬ್ಯಾಡ್ರಿ, ಭರಮಪ್ಪನ ಹೊಲಿಗಿ ಅದು."

ಯಮನೂರಪ್ಪ ತುತ್ತನ್ನು ತಾಟಿನಲ್ಲೇ ಬಿಟ್ಟು, ಗೋಡೆ ಹಿಡಿದುಕೊಂಡು ಬಾಗಿಲಿಗೆ ಹೋದ.

"ತಂಗೀ, ಒಂದೀಟು ನಿಂದರು" ಎಂದ. "ಆ ಹೊಲಿಗಿ ಹರಿದಿದ್ದಿಲ್ಲ. ಹೇಳತೀನಿ ಕೇಳು."